ಎಲುಬಿನ ಬಾಯಾರು ನಿಲ್ಲಿಸಿದ ಸಾಲು

ಹೋದ ತಿಂಗಳು ರಾಣೆಬೆನ್ನೂರಿಗೆ ಹೋಗಿದ್ದೆ. ನನ್ನ ಖಾರಪುಡಿ ಗಿರಣಿಯ ಶಾಫ್ಟು ಸವೆದು ಗಡಗಡ ಅನ್ನುತ್ತಿತ್ತು. ರಿಪೇರಿ ಆಗುವುದನ್ನು ಎಸೆದು ಹೊಸದು ಕೊಳ್ಳುವ ಪೈಕಿ ನಾನಲ್ಲ. ಲೇಥ್ ಅಂಗಡಿಯ ಮೇಸ್ತ್ರಿ ಶಾಫ್ಟನ್ನು ತಿರುಗಿಸಿ ನೋಡಿ, ಗೋಡೆಯ ಮೊಳೆಗೆ ತೂಗುಬಿಟ್ಟಿದ್ದ ಉಕ್ಕಿನ ಪಟ್ಟಿಯೊಂದನ್ನು ತೆಗೆದುಕೊಂಡ. ಅದಕ್ಕೆ ಎರಡು ದವಡೆ. ಒಂದು ನಿಂತಲ್ಲೇ ನಿಂತಿರುತ್ತದೆ, ಇನ್ನೊಂದು ಜಾರಿಕೊಂಡು ಬಂದು ಕಚ್ಚುತ್ತದೆ. ಅದು ಶಾಫ್ಟನ್ನು ಕಚ್ಚಿ ಟಿಕ್ ಅಂದಿತು ನೋಡಿ, ನನ್ನ ಬಲ ಮೊಣಕೈ ತಣ್ಣಗಾಯಿತು...

ಅಂಥದೇ ದವಡೆ ಒಮ್ಮೆ ನನ್ನ ಮೊಣಕೈಯನ್ನು ಕಚ್ಚಿತ್ತು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ಕಾಲ ಅದು. ಹಿಡಿದು ಅಳೆದವರು ಡಾಕ್ಟರ್ ಬಾಯಾರು, ಓದಿದ ಹೆಣ್ಣುಮಕ್ಕಳನ್ನು ನಮ್ಮ ಕಡೆ ಮರ್ಯಾದೆಯಿಂದ ಬಾಯಾರು ಅನ್ನುತ್ತೇವೆ. ಅವರ ಹೆಸರು ನನಗೆ ಗೊತ್ತು, ಆದರೆ ಹೆಸರು ಹಿಡಿದು ಕರೆಯಲು ನಮಗ್ಯಾರಿಗೂ ಬಾಯಿ ಬರುತ್ತಿರಲಿಲ್ಲ. ಎಲುಬಿನ ಬಾಯಾರು ಅನ್ನುತ್ತಿದ್ದೆವು, ಇಲ್ಲೂ ಹಾಗೇ ಅನ್ನುತ್ತೇನೆ. ವಿಜಯಪುರದ ಕಡೆಯವರು. ಎತ್ತರ ನನ್ನ ಹೆಗಲಿಗೆ ಬರುತ್ತಿತ್ತು, ದನಿ ಮಾತ್ರ ಅಂಗಡಿಯ ಛಾವಣಿಗೆ ಮುಟ್ಟುತ್ತಿತ್ತು. ಪರ್ಸಿನಲ್ಲಿ ದುಡ್ಡಿಗಿಂತ ಹುರಿದ ಶೇಂಗಾ ಹೆಚ್ಚು. ಯಾವುದೋ ಮೆಡಿಕಲ್ ಕಾಲೇಜಿನಲ್ಲಿ ಹುಡುಗರಿಗೆ ಎಲುಬಿನ ಪಾಠ ಹೇಳುತ್ತಿದ್ದರಂತೆ. ಅಲ್ಲಿ ಯಾರ ಜೊತೆಗೋ ಜಗಳ ತೆಗೆದು ನಮ್ಮ ಕಡೆಯ ಒಂದು ಸರ್ಕಾರಿ ದವಾಖಾನೆಗೆ ವರ್ಗವಾಗಿ ಬಂದಿದ್ದರು. ಯಾವ ದವಾಖಾನೆ ಅಂತ ಬರೆಯುವುದಿಲ್ಲ. ಈಗ ಅಲ್ಲಿ ಇರುವವರು ಬೇರೆ, ಅವರಿಗೇಕೆ ಹಳೆಯ ಧೂಳು.

ನಮ್ಮ ಅಕ್ಕನ ಹೆಸರು ರತ್ನವ್ವ. ಅದನ್ನು ಮಾತ್ರ ಬರೆಯುತ್ತೇನೆ, ಯಾಕೆಂದರೆ ಈ ಜಗಳವೆಲ್ಲ ಆ ಹೆಸರಿನದೇ. ನಾವು ಮೋಟೆಬೆನ್ನೂರಿನವರು. ಅಪ್ಪ ಬಾವಿ ತೋಡುವ ಕೆಲಸ ಹಿಡಿಯುತ್ತಿದ್ದ. ಅಕ್ಕ ಲಂಗ ಉಡುವ ವಯಸ್ಸಿನಿಂದಲೇ ಬುಟ್ಟಿಯಲ್ಲಿ ಕಲ್ಲು ಹೊತ್ತವಳು. ಒಮ್ಮೆ ಬಾವಿಯ ದಂಡೆಯ ಮೇಲೆ ಜಾರಿ ಬಿದ್ದು ಎಡ ಮುಂಗೈ ಮುರಿದು, ನಾಟಿ ವೈದ್ಯ ಕಟ್ಟಿದ ಮೇಲೆ ಸ್ವಲ್ಪ ಸೊಟ್ಟಗೆ ಕೂಡಿತ್ತು. ಆ ಸೊಟ್ಟ ಕೈಯಲ್ಲೇ ನನ್ನನ್ನು ಎತ್ತಿ ಎಸೆದು ಹಿಡಿಯುತ್ತಿದ್ದಳು. ಕರ್ಜಗಿ ದಾಟಿ ಒಂದು ಊರಿಗೆ ಅವಳನ್ನು ಕೊಟ್ಟರು. ಎರಡು ಮಳೆಗಾಲ ಕಳೆಯುವುದರೊಳಗೆ, ಅವಳು ಲಾರಿ ಡ್ರೈವರನ ಜೊತೆ ಓಡಿ ಹೋದಳು ಅಂತ ಗಂಡನ ಮನೆಯವರು ಹೇಳಿ ಕಳಿಸಿದರು. ನಂಬಿದವರೇ ಬಹಳ. ಅವ್ವ ನಂಬಲಿಲ್ಲ. ನಾನು ಆಗ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದೆ. ಸಾಲಿನಲ್ಲಿ ಕುಳಿತವರು ನನ್ನ ಕಡೆ ನೋಡಿ ಪಿಸುಗುಟ್ಟಿದರೆ ನಾನು ಎದ್ದು ನಿಂತು, "ಏನ ಅನ್ನೋದಿದ್ರ ಜೋರಾಗಿ ಅನ್ರಿ" ಅನ್ನುತ್ತಿದ್ದೆ. ಜೋರಾಗಿ ಯಾರೂ ಅನ್ನಲಿಲ್ಲ.

ಕೆಲವು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ ಆ ಊರಿನ ಹೊರಗಿನ ಹಾಳುಬಾವಿಯ ಹೂಳು ತೆಗೆಯುವಾಗ ಮನುಷ್ಯರ ಎಲುಬು ಸಿಕ್ಕವು. ಬಟ್ಟೆ ಇಲ್ಲ, ಬಳೆ ಇಲ್ಲ, ಕಾಲುಂಗುರ ಇಲ್ಲ. ಸುದ್ದಿ ಕೇಳಿದ್ದೇ ತಡ ಅವ್ವ ಪೊಲೀಸರ ಮುಂದೆ ಹೋಗಿ, ಎಡ ಮುಂಗೈ ನೋಡಿ ಅಂದಳು. ನೋಡಿದರು. ಮುರಿದು ಸೊಟ್ಟಗೆ ಕೂಡಿದ ಗುರುತು ಇತ್ತು. ಅಷ್ಟರಲ್ಲಿ ದವಾಖಾನೆಯ ಹಿರಿಯ ಡಾಕ್ಟರು ತೊಡೆಯ ಎಲುಬಿನ ತುದಿಯ ಚೆಂಡಿನಂಥ ಗುಂಡನ್ನು ಅಳೆದು, ಪುಸ್ತಕ ತೆಗೆದು, ಪುಸ್ತಕದ ಗೆರೆಗಿಂತ ದಪ್ಪ ಇದೆ, ಗಂಡಸಿನದು ಅಂತ ಬರೆದುಬಿಟ್ಟರು. ಮುಗಿಯಿತು. ಗಂಡಸಿಗೂ ಕೈ ಮುರಿಯಬಹುದಲ್ಲ. ಗಂಡಸಿನ ಎಲುಬು ಅಂದ ಮೇಲೆ ಅದು ರತ್ನವ್ವ ಅಲ್ಲ. ರತ್ನವ್ವ ಅಲ್ಲ ಅಂದರೆ ಅವಳು ಓಡಿ ಹೋದವಳೇ. ಒಂದು ಗುಂಡಿನ ದಪ್ಪದ ಮೇಲೆ ನಮ್ಮ ಅಕ್ಕನ ಮಾನ ನಿಂತಿತ್ತು ನೋಡಿ.

ಆ ಡಾಕ್ಟರು ಕೆಟ್ಟ ಮನುಷ್ಯನೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಜ್ವರ, ಹೆರಿಗೆ, ಹಾವು ಕಚ್ಚಿದವರನ್ನು ನೋಡಿ ಸುಸ್ತಾದವರು. ಅವರ ಎದುರು ಅವ್ವ ಅತ್ತಳು, ನಾನು ಜಗಳ ಆಡಿದೆ. ಎರಡೂ ಉಪಯೋಗವಾಗಲಿಲ್ಲ. ನಾವು ಮೆಟ್ಟಿಲ ಮೇಲೆ ಕುಳಿತೆವು. ಆಗ ಶೇಂಗಾ ತಿನ್ನುತ್ತ ಬಂದ ಬಾಯಾರು ನಮ್ಮನ್ನು ದಾಟಿ ಹೋಗಲಾರದೆ ನಿಂತರು.

"ಹಾದಿ ಬಿಟ್ಟು ಕುಂದ್ರಬೇಕಲ್ಲ ತಂಗಿ. ಯಾಕ, ಏನಾಗೈತಿ?"

"ನಮ್ಮಕ್ಕನ್ನ ಗಂಡಸು ಮಾಡ್ಯಾರ್ರಿ ನಿಮ್ಮ ಡಾಕ್ಟ್ರು."

ಅವರು ಶೇಂಗಾ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋದರು. ಬಹಳ ಹೊತ್ತಾದ ಮೇಲೆ ನನ್ನೊಬ್ಬಳನ್ನು ಕರೆದರು. ಅಲ್ಲಿ ಒಬ್ಬ ಪೊಲೀಸ ಕುಳಿತು ತೂಕಡಿಸುತ್ತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ... ಅದನ್ನು ಹೇಗೆ ಬರೆಯಲಿ. ಬಾವಿಯ ಕೆಸರಿನ ಬಣ್ಣಕ್ಕೆ ತಿರುಗಿದ ಎಲುಬು. ಅಳು ಬರಲಿಲ್ಲ. ಅಷ್ಟು ಜೋರಿನ ಅಕ್ಕ ಇಷ್ಟೇ ಜಾಗದಲ್ಲಿ ಹಿಡಿಸಿದ್ದಾಳಲ್ಲ ಅಂತ ಸಿಟ್ಟು ಬಂತು.

ಬಾಯಾರು ಸೊಂಟದ ಎಲುಬಿನ ಅರ್ಧವೊಂದನ್ನು ಎತ್ತಿಕೊಂಡರು. ಮುಂದಿನ ಭಾಗ ಗುದ್ದಲಿ ತಾಗಿ ಒಡೆದುಹೋಗಿತ್ತು. ಒಡೆದಿದೆ ಅಂತಲೇ ಹಿರಿಯ ಡಾಕ್ಟರು ಅದನ್ನು ಪಕ್ಕಕ್ಕಿಟ್ಟು ತೊಡೆಯ ಎಲುಬನ್ನು ಅಳೆದದ್ದು. ಹಿಂಭಾಗ ಮಾತ್ರ ಗಟ್ಟಿಯಿತ್ತು, ಅಲ್ಲೊಂದು ಕೊಕ್ಕೆಯಂಥ ಬಾಗು.

"ಇಲ್ಲೆ ಹೆಬ್ಬಟ್ಟು ಇಡು. ಹೆದರಬ್ಯಾಡ. ಹಾಂ... ಈಗ ಅಲ್ಲಾಡ್ಸು."

ಇಟ್ಟೆ. ಹೆಬ್ಬೆರಳು ಆಚೆ ಈಚೆ ಸಲೀಸಾಗಿ ಆಡಿತು.

"ಗಂಡಸಿಂದಾಗಿದ್ರ ಇರುಕಾಗ್ತಿತ್ತು. ಇದು ಮಗು ಹೊರಬರೂ ಹಾದಿಗೆ ಜಾಗಾ ಬಿಟ್ಟ ಎಲುಬು."

"ಹಂಗಾದ್ರ ಆ ಪುಸ್ತಕದ ಗೆರಿ?"

ಅವರು ಮೂಗು ಮುರಿದರು. ಆ ಪುಸ್ತಕದ ಅಳತೆ ಎಲ್ಲಿಂದ ಬಂತು ಅಂತ ಅಲ್ಲೇ ನಿಂತು ವಿವರಿಸಿದರು. ಎಲ್ಲೋ ದೂರದ ದೊಡ್ಡ ಶಹರದಲ್ಲಿ ವಾರಸುದಾರರಿಲ್ಲದೆ ಸತ್ತವರು, ಹೊಟ್ಟೆಗಿಲ್ಲದೆ ಬೀದಿಯಲ್ಲಿ ಬಿದ್ದವರು, ಅವರ ಹೆಣಗಳು ಕಾಲೇಜಿಗೆ ಬರುತ್ತವೆ. ಅವರ ಎಲುಬು ಅಳೆದು ಗೆರೆ ಎಳೆಯುತ್ತಾರೆ: ಇದರ ಮೇಲೆ ಗಂಡು, ಇದರ ಕೆಳಗೆ ಹೆಣ್ಣು. ಆ ಶಹರದ ಬಡಕಲು ಹೆಂಗಸಿಗೆ ಆ ಗೆರೆ ಸರಿ ಇರಬಹುದು. ಜೋಳದ ರೊಟ್ಟಿ ತಿಂದು ಕಲ್ಲು ಹೊತ್ತ ರತ್ನವ್ವನಿಗೆ ಅದು ಯಾವ ಲೆಕ್ಕ?

ನಾನು ಆಗ ಸಾಲೆ ಬಿಟ್ಟ ಕೂಲಿ ಹುಡುಗಿ, ಆದರೆ ಈ ಮಾತು ತಕ್ಷಣ ತಲೆಗೆ ಇಳಿಯಿತು. ಗುಂಟೂರಿನ ಕಾಯಿ ಕೊಳ್ಳುವವನು ಖಾರ ನೋಡುತ್ತಾನೆ. ಅದೇ ನಾಲಿಗೆ ಹೊತ್ತು ಬ್ಯಾಡಗಿಗೆ ಬಂದರೆ ನಮ್ಮ ಕಾಯಿ ಸಪ್ಪೆ ಅಂತ ಎಸೆದು ಹೋದಾನು, ಇದರ ಬಣ್ಣ ಅವನ ಲೆಕ್ಕದಲ್ಲಿಯೇ ಇಲ್ಲವಲ್ಲ. ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ಯಾರಾದರೂ ಅಳತೆ ಹಿಡಿದು ನೀನು ಕಡಿಮೆ, ನೀನು ಹೆಚ್ಚು ಅಂದರೆ, ತಲೆ ತಗ್ಗಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಅಳತೆ ಯಾರನ್ನು ನೋಡಿ ಮಾಡಿದ್ದು?

ಆದರೆ ನನಗೂ ಬಾಯಾರಿಗೂ ಅಲ್ಲೇ ಜಗಳ ಹತ್ತಿತು. ನಾನು ಚೌಕಾಶಿಗೆ ಇಳಿದೆ. "ನೂರಕ್ಕ ನೂರು ಹೆಣ್ಣು ಅಂತ ಬರೀರಿ ಬಾಯಾರ" ಅಂದೆ. ಆಗುವುದಿಲ್ಲ ಅಂದರು. ಮುಂದಿನ ಭಾಗ ಇದ್ದಿದ್ದರೆ ಇನ್ನೂ ಗಟ್ಟಿ ಹೇಳುತ್ತಿದ್ದರಂತೆ, ಇದ್ದಷ್ಟಕ್ಕೆ ಹೆಣ್ಣು ಅನ್ನಬಹುದು, ಖಡಾಖಂಡಿತ ಅನ್ನಲಾಗದು.

"ಅವ್ರು ಖಡಾಖಂಡಿತ ಗಂಡು ಅಂದಾರಲ್ರಿ. ನೀವು ಅರ್ಧಂಬರ್ಧ ಅಂದ್ರ ಯಾರ್ದು ನಡೀತೈತಿ?"

"ನನ್ನ ಮುಂದ ಪ್ಯಾಟಿ ವ್ಯವಹಾರ ಮಾಡಬ್ಯಾಡ. ಎಲುಬು ಎಷ್ಟು ಹೇಳತೈತಿ ಅಷ್ಟ. ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮಿ ಇಲ್ಲ."

ಹಾಗೆ ಕೇಳಿದ್ದು ತಪ್ಪು ಅಂತ ನಾನು ಈಗಲೂ ಅನ್ನುವುದಿಲ್ಲ. ಅಕ್ಕನ ಸಲುವಾಗಿ ಇನ್ನೊಮ್ಮೆ ಕೇಳು ಅಂದರೆ ಇನ್ನೊಮ್ಮೆ ಕೇಳುತ್ತೇನೆ. ಅವರು ಇನ್ನೊಮ್ಮೆ ಬೈಯುತ್ತಿದ್ದರು.

ಬೈದವರು ಸುಮ್ಮನೆ ಕೂರಲಿಲ್ಲ. ಈ ಕೇಸು ನೋಡುತ್ತಿದ್ದ ಸಬ್ ಇನ್ಸ್‌ಪೆಕ್ಟರಿಗೆ ಎರಡನೆಯ ಅಭಿಪ್ರಾಯ ಕೇಳುವ ಮನಸ್ಸಿರಲಿಲ್ಲ, ಅಳತೆ ಅಂದರೆ ಅಳತೆ ಅನ್ನುತ್ತಿದ್ದ. ಲಿಖಿತವಾಗಿ ಪೊಲೀಸರು ಕೇಳದೆ ಬಾಯಾರು ಬರೆಯುವಂತಿರಲಿಲ್ಲ. "ಅಂವಗ ಕಣ್ಣಾಗ ಕಾಣಬೇಕು. ಬ್ಯಾಡಗಿಗೆ ಕರ್ಕೊಂಡು ಬರ್ತೀನಿ. ನೀ ಮಂದಿ ಕೂಡ್ಸು, ಹೆಂಗಸ್ರು ಗಂಡಸ್ರು ಇಬ್ಬರೂ ಬೇಕು. ತೊಡಿ ಎಲುಬಿನ ಗುಂಡು ಹೊರಗಿಂದ ಅಳ್ಯಾಕ ಆಗೂದಿಲ್ಲ, ಅದಕ್ಕ ಮೊಣಕೈ ಅಳೀತೀನಿ" ಅಂದರು. ಮಂದಿ ಕೂಡಿಸುವುದು ನನಗೆ ಕಷ್ಟವಲ್ಲ. ಆದರೆ ಮೈಯಳತೆ ಕೊಡಿ ಅಂತ ಹೆಂಗಸರನ್ನು ಒಪ್ಪಿಸುವುದು... ಕಾಯಿಯ ರಾಶಿಗಳ ನಡುವೆ ಎಲ್ಲರೂ ಸೆರಗು ಬಿಗಿದು ಕುಳಿತುಬಿಟ್ಟರು.

"ಮೊಣಕೈ ಅಷ್ಟನ್ರಿ, ಮತ್ತೇನಿಲ್ಲ" ಅಂದೆ.

ನಮ್ಮ ಸಾಲಿನ ಹಿರಿಯಳು ಹುಸೇನಬಿ ಚಾಚಿ, ಕಲ್ಲಿನ ಕ್ವಾರಿಯಲ್ಲಿ ದುಡಿದು ಬಂದವಳು, ನಕ್ಕಳು. "ಮೂವತ್ತು ವರ್ಷ ಸಂಸಾರ ಮಾಡೇನಿ, ನಮ್ಮ ಮನಿಯಾಂವ ನನ್ನ ಮೊಣಕೈ ಎಷ್ಟು ಅದ ಅಂತ ಕೇಳಿಲ್ಲ."

"ಅಂವಗ ಬೆನ್ನ ಮ್ಯಾಲೆ ಗೊತ್ತಾಗೈತಿ ಬಿಡ ಚಾಚಿ" ಅಂದಳು ಪಕ್ಕದವಳು. ಇಡೀ ಅಂಗಡಿ ನಕ್ಕಿತು. ನಕ್ಕ ಮೇಲೆ ಒಪ್ಪಿಸುವುದು ಸುಲಭ, ಇದನ್ನೂ ಬರೆದಿಟ್ಟುಕೊಳ್ಳಿ. ಚಾಚಿಯೇ ಮೊದಲು ಎದ್ದು ತೋಳು ಮಡಚಿದಳು.

ಬಾಯಾರು ಒಬ್ಬೊಬ್ಬರ ಮೊಣಕೈಯ ಎರಡು ಬದಿಯ ಉಬ್ಬುಗಳಿಗೆ ದವಡೆ ಬಿಗಿದು ಅಳೆದರು. ಅಳೆದವರನ್ನು ಸಾಲಾಗಿ ನಿಲ್ಲಿಸುತ್ತ ಹೋದರು, ಸಣ್ಣ ಎಲುಬಿನವರು ಬಾಗಿಲ ಕಡೆ, ದಪ್ಪ ಎಲುಬಿನವರು ಗೋಡೆಯ ಕಡೆ. ಹಮಾಲರು ಬಂದರು, ಗಾಡಿ ಹೊಡೆಯುವವರು ಬಂದರು, ಅಂಗಡಿಯ ಗುಮಾಸ್ತರೂ ಬಂದರು. ಸಾಲು ಬೆಳೆಯಿತು. ಹೊಸಬರು ಬಂದಂತೆ ನಡುವೆ ಜಾಗ ಬಿಡಿಸಿ ಸೇರಿಸುತ್ತಿದ್ದರು. ಗುಮಾಸ್ತರು ಬಾಗಿಲ ಕಡೆ, ಹೋದ ವರ್ಷವಷ್ಟೇ ದೊಡ್ಡವರಾದ ಹುಡುಗಿಯರ ನಡುವೆ ನಿಲ್ಲಬೇಕಾಯಿತು.

"ಗುಮಾಸ್ತರಕ್ಕ, ಇತ್ತಾಗ ಸರೀರಿ, ಜಡಿ ಹಾಕ್ತೀವಿ" ಅಂದಳು ಒಬ್ಬಳು. ಅವರು ಕೆಂಪಗಾಗಿ ಪೆನ್ನನ್ನು ಕಿವಿಯಿಂದ ತೆಗೆದು ಮತ್ತೆ ಸಿಕ್ಕಿಸಿಕೊಂಡರು. ಹುಸೇನಬಿ ಚಾಚಿ ಗೋಡೆಯ ಹತ್ತಿರ ಹಮಾಲರ ನಡುವೆ ನಿಂತಿದ್ದಳು, ಸೈನ್ಯದ ಸರದಾರನ ಹಾಗೆ. ನಾನು ಎಲ್ಲಿ ನಿಂತೆ ಅಂತ ಕೇಳಿದರೆ, ಚಾಚಿಗಿಂತ ತುಸು ಈಚೆ. ಸಬ್ ಇನ್ಸ್‌ಪೆಕ್ಟರ್ ಮೀಸೆ ತಿರುವುತ್ತ ನೋಡುತ್ತಿದ್ದ. ಬಾಯಾರು ಅವನ ತೋಳನ್ನೂ ಬಿಡಲಿಲ್ಲ. ಅಳೆದು ತಂದು ನನ್ನ ಎಡಕ್ಕೆ, ನನಗಿಂತ ಸಣ್ಣ ಕಡೆಗೆ ನಿಲ್ಲಿಸಿದರು. ಯಾರೂ ನಗಲಿಲ್ಲ, ಎಲ್ಲರ ಹೊಟ್ಟೆ ಮಾತ್ರ ಕುಣಿಯುತ್ತಿತ್ತು.

ಬಾಯಾರು ಸಾಲಿನ ಮುಂದೆ ಒಮ್ಮೆ ನಡೆದರು. ಸೀರೆ, ಧೋತರ, ಸೀರೆ, ಸೀರೆ, ಪ್ಯಾಂಟು, ಸೀರೆ, ಧೋತರ. ಬಾಗಿಲ ಕಡೆ ಹೆಂಗಸರೇ ಬಹಳ, ಗೋಡೆಯ ಕಡೆ ಗಂಡಸರೇ ಬಹಳ, ನಿಜ. ಆದರೆ ನಡುವೆ ಎಲ್ಲ ಕಲಬೆರಕೆ.

"ಇದು ಚರ್ಮದ ಮ್ಯಾಲಿನ ಅಳತಿ, ಸಾಕ್ಷಿಗೆ ಬರೂದಿಲ್ಲ, ನನಗ ಗೊತ್ತೈತಿ" ಅಂದರು. "ಆದ್ರ ಸಾಹೇಬ್ರ, ಕಣ್ಣಿಲೆ ನೋಡ್ರಿ. ಗೆರಿ ಎಲ್ಲಿ ಹಾಕ್ತೀರಿ? ಹಾಕಿ ತೋರಸ್ರಿ."

ಅವನು ಸಾಲನ್ನು ನೋಡಿದ. ತನ್ನ ಬಲಕ್ಕೆ ನಿಂತಿದ್ದ ನನ್ನನ್ನು ನೋಡಿದ. ಗೆರೆ ತನ್ನ ಬಲಕ್ಕೆ ಹಾಕಿದರೆ ತಾನು ಹೆಣ್ಣು, ಎಡಕ್ಕೆ ಹಾಕಿದರೆ ನಾನೂ ಚಾಚಿಯೂ ಗಂಡಸರು. ಅವನೂ ಮನುಷ್ಯನೇ, ಕಡೆಗೆ ನಕ್ಕುಬಿಟ್ಟ. ಆ ವಾರವೇ ಬಾಯಾರ ಅಭಿಪ್ರಾಯವನ್ನು ಲಿಖಿತವಾಗಿ ಕೇಳಿದ.

ಬರೆದರು. ಸೊಂಟದ ಎಲುಬಿನ ಆಕಾರ ಹೆಣ್ಣಿನದು, ತೊಡೆಯ ಅಳತೆ ಎರಡೂ ಕಡೆ ಬರುವಂಥದ್ದು, ಅದರಿಂದ ತೀರ್ಮಾನ ಮಾಡಲಾಗದು, ಒಟ್ಟಾರೆ ಹೆಣ್ಣೆಂದೇ ತನ್ನ ಅಭಿಪ್ರಾಯ. ನನಗೆ ಅಷ್ಟು ಸಪ್ಪೆಯಾಗಿ ಬರೆದದ್ದು ಸೇರಲಿಲ್ಲ. ಆದರೆ ಅಕ್ಕನ ಗಂಡನ ಕಡೆಯವರಿಗೆ ಅಷ್ಟೇ ಸಾಕಾಯಿತು, ಉರಿದು ಎದ್ದರು. ಯಾರ್‍ಯಾರಿಂದಲೋ ಹೇಳಿಸಿದರು. ಹಿರಿಯ ಡಾಕ್ಟರೇ ಬಾಯಾರನ್ನು ಕರೆದು, ಒಂದೇ ದವಾಖಾನೆಯಿಂದ ಎರಡು ಮಾತು ಹೋದರೆ ಚೆಂದವಲ್ಲ, ವಾಪಸ್ ತೆಗೆದುಕೊಳ್ಳಿ ಅಂದರಂತೆ. ಇದನ್ನು ಬಾಯಾರೇ ಶೇಂಗಾ ಸುಲಿಯುತ್ತ ಹೇಳಿದರು. "ನಾ ಏನಂದೆ ಗೊತ್ತೈತೇನ? ಸರ್, ಎರಡು ಮಾತು ಚಂದ ಅಲ್ಲ, ಖರೇ. ನಿಮ್ಮದನ್ನ ವಾಪಸ್ ತಗೋರಿ, ಒಂದ ಉಳೀತೈತಿ."

ಕೇಸು ಕೋರ್ಟಿಗೆ ಬಂತು. ಗಂಡನ ಕಡೆಯ ವಕೀಲರು ದೊಡ್ಡ ಮನುಷ್ಯರು. ಕೈ ಹಿಂದೆ ಕಟ್ಟಿಕೊಂಡು ಬಾಯಾರನ್ನು ಕೇಳಿದರು, "ಅಂದ್ರ ಇದು ಗಂಡಸಿಂದೂ ಇರಬಹುದಲ್ರಿ?" ನೂರಕ್ಕೆ ನೂರು ಅಂತ ಬರೆಯಿರಿ ಅಂದಿದ್ದೆನಲ್ಲ, ಈಗ ನೋಡಿ ಅಂದುಕೊಂಡೆ.

"ಅಳತಿ ಒಂದನ್ನ ಕೇಳಿದ್ರ, ಇರಬಹುದು. ಆಕಾರ ಕೇಳಿದ್ರ ಹೆಣ್ಣು. ನಾ ಎರಡನ್ನೂ ಕೇಳೀನಿ. ನೀವು ಒಂದನ್ನ ಕೇಳಾಕತ್ತೀರಿ."

"ಖಾತ್ರಿ ಐತೇನ್ರಿ, ಅಷ್ಟ ಹೇಳ್ರಿ."

"ಎಷ್ಟು ಖಾತ್ರಿ ಐತಿ ಅಷ್ಟನ್ನ ಬರದೀನಿ ವಕೀಲ್ರ. ಅದಕ್ಕಿಂತ ಹೆಚ್ಚು ಬರದಿದ್ರ ನೀವು ನನ್ನ ಇಲ್ಲೇ ಹರಿದು ಹಾಕ್ತಿದ್ರಿ."

ವಕೀಲರು ಕೋಟು ಸರಿಮಾಡಿಕೊಂಡು ಕುಳಿತರು. ಹಿರಿಯ ಡಾಕ್ಟರನ್ನು, ಸೊಂಟದ ಎಲುಬು ನೋಡಿದಿರಾ ಅಂತ ಕೇಳಿದಾಗ, ಒಡೆದಿತ್ತು, ಬಿಟ್ಟೆ ಅಂತ ನಿಜವನ್ನೇ ಹೇಳಿದರು. ಆ ಮೇಲೆ ಮುಂಗೈಯ ಸೊಟ್ಟಕ್ಕೆ ಬೆಲೆ ಬಂತು. ಅವ್ವ ನಾಟಿ ವೈದ್ಯನನ್ನು ಹುಡುಕಿ ಕರೆತಂದಿದ್ದಳು, ಅವನು ಸಾಕ್ಷಿ ಹೇಳಿದ. ಎಲುಬು ರತ್ನವ್ವನವೇ ಅಂತ ಕೋರ್ಟು ಒಪ್ಪಿತು.

ಗಂಡನಿಗೆ ಶಿಕ್ಷೆ ಆಗಲಿಲ್ಲ. ಅವಳು ಬಿದ್ದಳೋ, ದೂಡಿದರೋ, ಹೇಗೆ ಸತ್ತಳು ಅನ್ನುವುದನ್ನು ಯಾವ ಎಲುಬೂ ಹೇಳಲಿಲ್ಲ. ಬಾಯಾರೂ ಹೇಳಲಿಲ್ಲ. ಅವತ್ತು ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ನಾನು ಅವರ ಜೊತೆ ಮಾತು ಬಿಟ್ಟು ನಿಂತಿದ್ದೆ. ಅವರು ಹತ್ತಿರ ಬಂದರು. ಪರ್ಸು ತೆಗೆದು ಶೇಂಗಾ ಕೊಟ್ಟರು. ತಿನ್ನಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತೆ...

ಎಲುಬನ್ನು ನಮಗೆ ಕೊಟ್ಟರು. ನೇರವಾಗಿ ಮೋಟೆಬೆನ್ನೂರಿಗೆ ಒಯ್ಯಿರಿ ಅಂತ ನಮ್ಮೂರ ಹಿರಿಯರು ಬುದ್ಧಿ ಹೇಳಿದರು. ನಾನು ಕೇಳಲಿಲ್ಲ. ಪೇಟೆಯ ಹೆಂಗಸರು ಒಂದು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಕರ್ಜಗಿಯ ಕಡೆ ತಿರುಗಿಸಿದೆವು. ಆ ಊರಿನ ಅಗಸೆ ಬಾಗಿಲೊಳಗೆ ಹೊಕ್ಕು, ಗಂಡನ ಮನೆಯ ಮುಂದಿನ ಓಣಿಯಲ್ಲೇ ಅವಳನ್ನು ಹೊತ್ತು ನಡೆದೆವು. ಹುಸೇನಬಿ ಚಾಚಿ ಮುಂದೆ. ಬಾಗಿಲುಗಳು ಮುಚ್ಚಿಕೊಂಡವು. ಅವ್ವ ಪ್ರತಿ ಬಾಗಿಲ ಮುಂದೆ ನಿಂತು ಒಂದೇ ಮಾತು ಅಂದಳು, "ನನ್ನ ಮಗಳು ಎಲ್ಲಿಗೂ ಹೋಗಿದ್ದಿಲ್ಲ. ನಿಮ್ಮೂರಾಗ ಇದ್ಲು." ಆಮೇಲೆ ನಮ್ಮೂರಿಗೆ ತಂದು ಮಣ್ಣು ಮಾಡಿದೆವು. ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದೆವು.

ಬಾಯಾರನ್ನು ಬೇಗನೇ ವರ್ಗ ಮಾಡಿದರು. ಎಲ್ಲಿಗೆ ಹಾಕಿದರೂ ಅಲ್ಲೊಂದು ಜಗಳ ಹಚ್ಚಿಕೊಂಡೇ ಇದ್ದರಂತೆ. ನಾನು ತೊಟ್ಟು ಬಿಡಿಸುವುದು ಬಿಟ್ಟು, ಸಣ್ಣಗೆ ಕಾಯಿ ಕೊಂಡು ಮಾರಲು ಶುರುಮಾಡಿ, ಸ್ವಂತ ದಲಾಲಿ ಅಂಗಡಿ ಹಾಕಿ, ಗಿರಣಿ ಇಟ್ಟೆ. ವರ್ಷಕ್ಕೊಮ್ಮೆ ಅವರಿಗೆ ಖಾರಪುಡಿ ಕಳಿಸುತ್ತಿದ್ದೆ. ಫೋನಿನಲ್ಲಿ, "ಬಣ್ಣ ಚಲೋ ಐತಿ, ಉಪ್ಪು ಹೆಚ್ಚಾಗೈತಿ" ಅನ್ನುವರು. ನಾನು ಉಪ್ಪು ಹಾಕುವುದೇ ಇಲ್ಲ ಅಂದರೆ, "ಹಂಗಾದ್ರ ನಮ್ಮ ಅಡಿಗಿ ಮಾಡಾಕಿದ ತಪ್ಪು" ಅನ್ನುವರು, ಸೋಲು ಒಪ್ಪಿದ್ದಕ್ಕೆ ಸಿಟ್ಟಾಗಿ. ಒಂದು ವರ್ಷ ಕಳಿಸಿದ ಡಬ್ಬಿಗೆ ಫೋನು ಬರಲಿಲ್ಲ. ನಾನೇ ಮಾಡಿದೆ, ಯಾರೋ ಸಂಬಂಧಿಕರು ಎತ್ತಿದರು. ತೀರಿಹೋಗಿ ಎರಡು ತಿಂಗಳಾಯಿತು ಅಂದರು...

ಶಾಫ್ಟು ರಿಪೇರಿ ಮಾಡಿಸಿಕೊಂಡು ಬಂದ ವಾರ, ಪೇಟೆ ತುಂಬಿದ ದಿನ, ಅಕ್ಕನ ಗಂಡನ ಊರಿನ ಒಬ್ಬ ಹುಡುಗ ನನ್ನ ಅಂಗಡಿಗೆ ಕಾಯಿ ತಂದಿದ್ದ. ತೇವ ಬಿಡದ ಕಾಯಿ. ದರ ಇಷ್ಟೇ ಅಂದೆ. ಅವನು ಏರಿದ, ನಾನು ಏರಲಿಲ್ಲ. ಸಿಟ್ಟಿನಲ್ಲಿ ಅಂದುಬಿಟ್ಟ, "ನಿಮ್ಮ ಮನಿತನ ಗೊತ್ತೈತಿ ಬಿಡ್ರಿ. ಓಡಿ ಹೋದಾಕಿ ತಂಗಿ ಅಲ್ಲೇನ್ರಿ ನೀವು."

ಅವನು ಹುಟ್ಟುವ ಮುಂಚಿನ ಮಾತು. ಕೋರ್ಟು ಒಂದು ಹೇಳಿದರೂ ಊರಿನ ಜಗುಲಿಗಳು ಇನ್ನೊಂದನ್ನೇ ಸಾಕಿಕೊಂಡು ಬಂದಿವೆ. ನಾನು ತಕ್ಕಡಿ ನಿಲ್ಲಿಸಿದೆ. ಕೊಳ್ಳುವವರು ಸಾಲುಗಟ್ಟಿ ನಿಂತಿದ್ದರು, ಶಟರ್ ಎಳೆದೆ. "ಆಕಿ ಎಲ್ಲಿಗೆ ಓಡಿ ಹೋಗ್ಯಾಳ ಅಂತ ತೋರಸ್ತೀನಿ, ಗಾಡಿ ಹತ್ತು" ಅಂದೆ. ಅವನ ಚೀಲಗಳೆಲ್ಲ ಶಟರಿನ ಒಳಗಿದ್ದವು, ಹತ್ತದೆ ಏನು ಮಾಡಿಯಾನು. ಮೋಟೆಬೆನ್ನೂರಿನ ನಮ್ಮ ಹೊಲದ ಬದುವಿನಲ್ಲಿ ಇಳಿಸಿ, ಕಲ್ಲಿನ ಮೇಲಿನ ಹೆಸರನ್ನು ಜೋರಾಗಿ ಓದು ಅಂದೆ. ಓದಿದ. ಇನ್ನೊಮ್ಮೆ ಅಂದೆ. ಎರಡನೆಯ ಸಲ ಓದುವಾಗ ದನಿ ಇಳಿದಿತ್ತು. ಯಾರೂ ಹೇಳದೆ, ಬಗ್ಗಿ ಚಪ್ಪಲಿ ಕಳಚಿದ.

ಮರಳಿ ಬಂದು ಅವನ ಕಾಯಿಗೆ ಮೊದಲು ಹೇಳಿದ ದರವನ್ನೇ ಕೊಟ್ಟೆ. ಅಂದು ಸಂಜೆ ಫೋನು ಕೈಗೆ ತೆಗೆದುಕೊಂಡವಳು ಹಾಗೇ ಕುಳಿತೆ. ಪೇಟೆ ತುಂಬಿದ ಹೊತ್ತಿನಲ್ಲಿ ಅಂಗಡಿ ಮುಚ್ಚಿ ಹೋಗಿದ್ಯೇನ, ನಿನಗ ಬುದ್ಧಿ ಐತೇನ ಅಂತ ಬಾಯಾರು ಇದ್ದಿದ್ದರೆ ಬೈಯುತ್ತಿದ್ದರು. ಹಾಗೆ ಬೈಯುವವರು ಈಗ ಯಾರೂ ಉಳಿದಿಲ್ಲ.